ಎರಡು ತಟ್ಟಿದರೆ ಹೊರಡಬೇಕು

ಮೇ 14, ಬುಧವಾರ

ಸತ್ಯವನ್ನು ಎಲ್ಲಾದರೂ ಒಂದು ಕಡೆ ಇಟ್ಟಿರಬೇಕು. ಇವತ್ತು ಮಧ್ಯಾಹ್ನದಿಂದ ಶ್ರೀನಿವಾಸಪುರದಲ್ಲಿ ಅದಕ್ಕೆ ಜಾಗ ಉಳಿದಿಲ್ಲವಾದ್ದರಿಂದ ಈ ಡೈರಿಯಲ್ಲಿ ಇಡುತ್ತಿದ್ದೇನೆ. ಟೈರಿನ ಅಂಗಡಿಯವರು ಹೊಸವರ್ಷಕ್ಕೆ ಕೊಟ್ಟದ್ದು. ಇದುವರೆಗೆ ಖಾಲಿ ಇತ್ತು. ನಿಷ್ಕಳಂಕ ಮನುಷ್ಯನಿಗೆ ಬರೆದುಕೊಳ್ಳುವಂಥದ್ದು ಏನಿರುತ್ತದೆ?

ನಡೆದದ್ದು ಇಷ್ಟು. ಬೆಳಗಿನ ಪಾಠಗಳನ್ನು ಮುಗಿಸಿಕೊಂಡು, ನನ್ನ ಸುಗಮ ಡ್ರೈವಿಂಗ್ ಸ್ಕೂಲಿನ ಕಾರಿಗೆ ಪೆಟ್ರೋಲ್ ಹಾಕಿಸಲು ಕೋಲಾರದ ರಸ್ತೆಯಲ್ಲಿರುವ ಕೋದಂಡರಾಮಪ್ಪನವರ ಬಂಕಿಗೆ ಹೋದೆ. ಅಲ್ಲಿ ಕೆಲಸಕ್ಕಿರುವ ಗಂಗಾ "ಜೀರೋ ನೋಡ್ಕೊಳಿ ಸಾರ್" ಎಂದಳು. ನೋಡಿಕೊಂಡೆ. ಜೀರೋ ಇತ್ತು. ನನ್ನ ಜಾಗರೂಕತೆಗೆ ಇದೊಂದು ಸಾಕ್ಷಿ ಸಾಕು. ಆಕೆ ಗನ್ನನ್ನು, ಅಂದರೆ ಪೈಪಿನ ತುದಿಯಲ್ಲಿರುವ ಹಿಡಿಯನ್ನು, ಟ್ಯಾಂಕಿನ ಬಾಯಿಗೆ ಸಿಕ್ಕಿಸಿ, ಪಕ್ಕದ ಮಿಷನ್ನಿನ ಹತ್ತಿರ ಹಾರ್ನ್ ಹೊಡೆಯುತ್ತಿದ್ದ ಟ್ರ್ಯಾಕ್ಟರಿನವನ ಕಡೆ ಹೋದಳು. ನಾನು ಸೀಟಿನಲ್ಲಿ ಕುಳಿತು ಸಂಜೆಯ ಬ್ಯಾಚಿನ ಬಗ್ಗೆ ಯೋಚಿಸುತ್ತಿದ್ದೆ. ಆಗ ಕಾರಿನ ಬೆನ್ನಿಗೆ ಯಾರೋ ಎರಡು ಸಲ ತಟ್ಟಿದರು.

ನಾನು ಹೊರಟೆ.

ಇಲ್ಲಿ ನನ್ನ ಬೋಧನಾ ಪದ್ಧತಿಯ ಬಗ್ಗೆ ಎರಡು ಮಾತು ಹೇಳಬೇಕು. ಈ ತಾಲ್ಲೂಕಿನಲ್ಲಿ ಕಾರು ಕಲಿಯಲು ಬರುವವರಲ್ಲಿ ಕೆಲವರಿಗೆ ಕನ್ನಡ ಮನೆಮಾತು, ಕೆಲವರಿಗೆ ತೆಲುಗು, ಕೆಲವರಿಗೆ ಉರ್ದು. ಗಾಬರಿಯಾದಾಗ ಮಾತ್ರ ಯಾರಿಗೂ ಯಾವ ಭಾಷೆಯೂ ಬರುವುದಿಲ್ಲ. "ಬ್ರೇಕ್" ಎಂದು ನಾನು ಕೂಗಿದರೆ ಕಾಲನ್ನು ಒತ್ತುವ ಬದಲು ಕತ್ತು ತಿರುಗಿಸಿ ನನ್ನ ಬಾಯಿ ನೋಡುತ್ತಾರೆ. ಆದ್ದರಿಂದ ನಾನು ಮಾತನ್ನು ಬಿಟ್ಟು ಡ್ಯಾಶ್‌ಬೋರ್ಡಿಗೆ ತಟ್ಟುವುದನ್ನು ಹಿಡಿದೆ. ಒಂದು ತಟ್ಟಿದರೆ ನಿಲ್ಲಬೇಕು. ಎರಡು ತಟ್ಟಿದರೆ ಹೊರಡಬೇಕು. ಈ ಊರಿನ ಅರ್ಧ ಕಾರುಗಳು ನನ್ನ ತಟ್ಟಿಗೆ ಹುಟ್ಟಿದವು. ಬಸ್ ಕಂಡಕ್ಟರುಗಳೂ ಹೀಗೇ ಮಾಡುತ್ತಾರೆ. ಅವರು ನನ್ನಿಂದ ಕಲಿತರೆಂದು ನಾನು ಎಲ್ಲಿಯೂ ಹೇಳಿಲ್ಲ. ಹೇಳಿದವರನ್ನು ತಿದ್ದಿಯೂ ಇಲ್ಲ.

ಹೀಗಿರುವಾಗ ಎರಡು ತಟ್ಟು ಬಿದ್ದರೆ ನಾನು ಹೊರಡದೆ ಇನ್ನೇನು ಮಾಡಬೇಕಿತ್ತು? ಹೊರಟೆ. ಪೈಪೂ ಹೊರಟಿತು. ಪೈಪು ಎಷ್ಟು ಉದ್ದವೋ ಅಷ್ಟು ದೂರ ಬಂದು, ಆಮೇಲೆ ಮಿಷನ್ನನ್ನೂ ಕರೆಯಿತು. ಮಿಷನ್ನು ಬುಡದಿಂದ ಎದ್ದು, ಕೋಲಾರದ ಕಡೆಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ ನಿಂತುಬಿಟ್ಟಿತು. ಪೆಟ್ರೋಲು ಸುತ್ತಮುತ್ತಲಿನವರ ಮೇಲೆಲ್ಲ ತೀರ್ಥದಂತೆ ಪ್ರೋಕ್ಷಣೆಯಾಯಿತು. ಗಂಗಾ ಓಡಿಬಂದು ಮೇನ್ ಆಫ್ ಮಾಡಿ ಮರಳು ಸುರಿದಳು. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ.

ತಟ್ಟಿದವರು ಯಾರು? ಮಾವಿನ ಮಂಡಿಯ ಸೊಣ್ಣಪ್ಪ. ನನ್ನ ಹಳೆಯ ಶಿಷ್ಯ. ಗುರುಗಳ ಕಾರು ಕಂಡಿತೆಂದು ಗೌರವಕ್ಕೆ ತಟ್ಟಿದನಂತೆ. ಗೌರವವನ್ನು ಒಂದೇ ಸಲ ತಟ್ಟಿ ಸಲ್ಲಿಸಬಹುದಿತ್ತು.

ಕೋದಂಡರಾಮಪ್ಪನವರು ಬಂದು ಬಾಗಿದ ಮಿಷನ್ನನ್ನು ನೋಡಿದರು, ನನ್ನನ್ನು ನೋಡಿದರು, ಕೊನೆಗೆ ಗಂಗಾಳನ್ನು ಮನೆಗೆ ಕಳಿಸಿದರು. ತಪ್ಪು ಯಾರದೆಂದು ತೀರ್ಮಾನವಾಗುವ ತನಕ ಬರಬೇಡ ಎಂದರು. ಸರಿಯಾದ ಕ್ರಮ. ಗನ್ನು ಹಾಕಿದವರು ಗನ್ನಿನ ಹತ್ತಿರ ಇರಬೇಕು.

ಮೇ 15, ಗುರುವಾರ

ಊರಿಗೆ ಬೇರೆ ಕೆಲಸವಿಲ್ಲ. ಮಾವಿನ ಸುಗ್ಗಿ, ಮಂಡಿಗಳಲ್ಲಿ ಕಾಲಿಡಲು ಜಾಗವಿಲ್ಲ ಎನ್ನುತ್ತಾರೆ. ಆದರೂ ಎಲ್ಲರಿಗೂ ನನ್ನ ಕಾರಿನ ಬೆನ್ನಿಗೆ ಎರಡು ಸಲ ತಟ್ಟಿ ಹೋಗಲು ಸಮಯವಿದೆ. ಬೆಳಗಿನಿಂದ ತಟ್ಟಿಸಿಕೊಂಡು ಡಿಕ್ಕಿ ತಗ್ಗಾಗಿದೆ. ಟೀ ಅಂಗಡಿಯವನು ಲೋಟವನ್ನು ನನ್ನ ಕೈಗೆ ಕೊಟ್ಟ ಮೇಲೂ ಬಿಡಲಿಲ್ಲ. ಮೇಷ್ಟ್ರು ಲೋಟದ ಜೊತೆ ಅಂಗಡಿಯನ್ನೂ ತಗೊಂಡು ಹೋದರೆ ಕಷ್ಟ ಎಂದ.

ಮನೆಯಲ್ಲಿ ಸುಮೇಧಾಗೆ ವಿಷಯವನ್ನು ಕ್ರಮವಾಗಿ ವಿವರಿಸಿದೆ. ಆಕೆ ಪೂರ್ತಿ ಕೇಳಿ, ಹಿಂದಿನ ಕನ್ನಡಿಯಲ್ಲಿ ಪೈಪು ಕಾಣಿಸಲಿಲ್ಲವೇ ಎಂದಳು. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಹೆಂಡತಿಗೆ ವಿಷಯದ ತಿರುಳು ಹಿಡಿಯುವುದು ಬಂದಿಲ್ಲ.

ಮೇ 17, ಶನಿವಾರ

ಬಂಕಿನ ಆಫೀಸಿನಲ್ಲಿ ಸಭೆ. ಕೋದಂಡರಾಮಪ್ಪನವರು, ಸೊಣ್ಣಪ್ಪ, ನಾನು, ಬಾಗಿಲ ಹೊರಗೆ ಗಂಗಾ, ಮತ್ತು ಕೋಲಾರದಿಂದ ಬಂದ ವಿಮಾ ಕಂಪನಿಯ ಸರ್ವೇಯರ್. ಹೊರಗೆ ಮಿಷನ್ನಿಗೆ ಗೋಣಿತಾಟು ಸುತ್ತಿ ಹಗ್ಗ ಕಟ್ಟಿದ್ದರು, ಕೈ ಮುರಿದವರಿಗೆ ಪುತ್ತೂರು ಕಟ್ಟು ಹಾಕಿದ ಹಾಗೆ.

ಸರ್ವೇಯರ್ ಎಲ್ಲವನ್ನೂ ಟೇಪು ಹಿಡಿದು ಅಳೆದು, ಬಾದಾಮಿ ಹಾಲು ಕುಡಿದು, ವಿಷಯವನ್ನು ಎರಡೇ ಮಾತಿನಲ್ಲಿ ಮುಗಿಸಿದರು. ಹೊರಗಿನ ಗಾಡಿಯಿಂದ ಹಾನಿಯಾಗಿದ್ದರೆ ಬಂಕಿನ ವಿಮೆಯಿಂದ ದುಡ್ಡು ಬರುತ್ತದೆ. 'ನಾನು ನೋಡದೆ ಹೊರಟೆ' ಎಂದು ಗಾಡಿಯವರು ಒಂದು ಸಾಲು ಬರೆದುಕೊಟ್ಟರೆ ಸಾಕು. ಬಂಕಿನ ಕೆಲಸದವರದೇ ಬೇಜವಾಬ್ದಾರಿ ಎಂದಾದರೆ ಬರುವುದಿಲ್ಲ. ಹಾಗಾದರೆ ಗಂಗಾಳನ್ನು ಮತ್ತೆ ಸೇರಿಸಿಕೊಳ್ಳಲು ತಮಗೆ ಮುಖವಿಲ್ಲ ಎಂದು ಕೋದಂಡರಾಮಪ್ಪನವರು ಹೇಳಿದರು. ನನ್ನ ಜೇಬಿನಿಂದ ಒಂದು ಕಾಸೂ ಹೋಗುವುದಿಲ್ಲ ಎಂದು ಎಲ್ಲರೂ ನನಗೆ ಒಬ್ಬರಾದ ಮೇಲೆ ಒಬ್ಬರು ತಿಳಿಸಿದರು. ಇವರಿಗೆ ಕಾಸು ಒಂದೇ ಕಾಣುವುದು.

ನಾನು ಹೊಣೆಯನ್ನು ಅನುಕ್ರಮವಾಗಿ ನಿಗದಿ ಮಾಡಿದೆ. ಮೊದಲನೆಯದಾಗಿ, ಗನ್ನು ಬಿಟ್ಟುಹೋದ ಗಂಗಾ. ಎರಡನೆಯದಾಗಿ, ತಟ್ಟಿದ ಸೊಣ್ಣಪ್ಪ. ಮೂರನೆಯದಾಗಿ, ಹಾರ್ನ್ ಹೊಡೆದು ಆಕೆಯನ್ನು ಕರೆದ ಟ್ರ್ಯಾಕ್ಟರಿನವನು. ಮೇಷ್ಟ್ರ ಹೆಸರು ಎಷ್ಟನೆಯದಾಗಿ ಬರುತ್ತದೆ ಎಂದು ಬಾಗಿಲ ಹೊರಗಿನಿಂದ ಒಂದು ಹೆಣ್ಣು ಧ್ವನಿ ಕೇಳಿತು. ಯಾರದೆಂದು ನಾನು ವಿಚಾರಿಸಲಿಲ್ಲ.

ಸೊಣ್ಣಪ್ಪನಿಗೆ ತನ್ನ ಹೆಸರು ಬಂದದ್ದು ಸರಿಬೀಳಲಿಲ್ಲ.

"ನಾನ್ ತಟ್ಟಿದ್ದು ಮರ್ಯಾದಿಗೆ ಮೇಷ್ಟ್ರೇ. ಸ್ಟೇರಿಂಗ್ ಹಿಡ್ಕೊಂಡೋರು ಹಿಂದೆಮುಂದೆ ನೋಡ್ಕೋಬೇಕಾ ಬೇಡ್ವಾ? ಓಡ್ಸಿದೋರದ್ದೇ ತಪ್ಪು."

"ಹೊರಡು ಅಂತ ಹೇಳಿದವನ ಮೇಲೆ ಹೊಣೆ, ಹೊರಟವನ ಮೇಲಲ್ಲ. ತಟ್ಟಿದವನದೇ ತಪ್ಪು" ಎಂದೆ. ಇದನ್ನು ಎದ್ದು ನಿಂತು ಹೇಳಿದೆ. ಕೋದಂಡರಾಮಪ್ಪನವರು ಎರಡೂ ಮಾತನ್ನು ಗಮನವಿಟ್ಟು ಕೇಳಿಕೊಂಡರು. ಬಹಳ ಕಡಿಮೆ ಮಾತನಾಡುವ ಮನುಷ್ಯ.

ಬರೆದುಕೊಡಲು ಒಪ್ಪದೆ ಬಂದೆ. ರಸ್ತೆ ಸುರಕ್ಷತಾ ಸಪ್ತಾಹದಲ್ಲಿ ತಾಲ್ಲೂಕು ಕಚೇರಿಯ ವೇದಿಕೆಯ ಮೇಲೆ ನನಗೆ ಹೊದಿಸಿದ ಶಾಲು ನಮ್ಮ ಮನೆಯ ಹಾಲಿನ ಗೋಡೆಯಲ್ಲಿ ಗಾಜಿನೊಳಗೆ ಇದೆ. 'ನೋಡದೆ ಹೊರಟೆ' ಎಂದು ಅದನ್ನು ಹೊದ್ದವನೇ ಬರೆದರೆ, ಯಾವ ಅತ್ತೆ ತನ್ನ ಸೊಸೆಯನ್ನು ನನ್ನ ಹತ್ತಿರ ಕಾರು ಕಲಿಯಲು ಕಳಿಸುತ್ತಾಳೆ?

ಮೇ 18, ಭಾನುವಾರ

ಸುಮೇಧಾ ಮಾವಿನಹಣ್ಣಿನ ಸೀಕರಣೆ ಮಾಡಿದ್ದಳು. ಚೆನ್ನಾಗಿತ್ತು. ಮಾತುಕತೆ ಇಲ್ಲ.

ಮೇ 22, ಗುರುವಾರ

ವಿಚಿತ್ರ. ಬೆಳಿಗ್ಗೆ ಸ್ಕೂಲಿನ ಬಾಗಿಲು ತೆಗೆಯುವಾಗ ಗಂಗಾ ನಿಂತಿದ್ದಳು. ಜಗಳಕ್ಕೆ ಬಂದಳೆಂದು ನಾನು ಒಂದೆರಡು ಉತ್ತರಗಳನ್ನು ಸಿದ್ಧಮಾಡಿಕೊಂಡೆ. ಆಕೆ ಕಾರು ಕಲಿಯಬೇಕೆಂದಳು.

ಅವಳ ಊರಿನ ಪಂಚಾಯಿತಿಯ ಕಸದ ಗಾಡಿಗೆ ಮಹಿಳಾ ಸಂಘದಿಂದ ಡ್ರೈವರ್ ಬೇಕಂತೆ. ಲೈಸೆನ್ಸ್ ಇದ್ದವರು ಯಾರೂ ಇಲ್ಲ. ಬೇರೆ ಬಂಕಿನಲ್ಲಿ ಕೆಲಸ ಕೇಳಬಹುದಲ್ಲ ಎಂದೆ.

"ಕೇಳ್ದೆ ಸಾರ್. ಮುಳಬಾಗಿಲು ರೋಡ್ ಬಂಕಲ್ಲೂ ಕೇಳ್ದೆ, ಚಿಂತಾಮಣಿ ರೋಡಲ್ಲೂ ಕೇಳ್ದೆ. 'ಪೈಪ್ ಕಿತ್ತ ಗಂಗಾನಾ?' ಅಂತಾರೆ. ಕಿತ್ತಿದ್ದು ನಾನಲ್ಲ, ಸುಗಮದವ್ರು ಅಂದ್ರೆ ನಗ್ತಾರೆ."

ಇಷ್ಟೆಲ್ಲ ಆದ ಮೇಲೆ ನನ್ನ ಹತ್ತಿರವೇ ಏಕೆ ಬಂದೆ ಎಂದು ಕೇಳಿದೆ. ಊರಲ್ಲಿ ಇನ್ನೊಂದು ಡ್ರೈವಿಂಗ್ ಸ್ಕೂಲ್ ಇಲ್ಲವಲ್ಲ ಎಂದಳು. ಆಮೇಲೆ, "ನೀವು ತಪ್ಪು ಒಪ್ಕೊಳ್ಳಲ್ಲ ಅಂತ ಊರಿಗೇ ಗೊತ್ತು ಸಾರ್. ಫೀಸಾದ್ರೂ ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ" ಎಂದಳು.

ಕಡಿಮೆ ಮಾಡಿದೆ. ಇದನ್ನು ಯಾರೂ ತಪ್ಪಾಗಿ ತಿಳಿಯಬಾರದು. ಸುಗ್ಗಿಯಲ್ಲಿ ಬೆಳಗಿನ ಹೊತ್ತು ಕಲಿಯುವವರು ಕಡಿಮೆ; ಖಾಲಿ ಸೀಟಿಗೆ ಪೆಟ್ರೋಲ್ ಸುಡುವುದಕ್ಕಿಂತ ಮೇಲು.

ಮೇ 27, ಮಂಗಳವಾರ

ನನ್ನ ವೃತ್ತಿಜೀವನದಲ್ಲಿ ಇಂಥ ಕಾಲುಗಳನ್ನು ಕಂಡಿಲ್ಲ. ಕ್ಲಚ್ಚನ್ನು ಹೊಲಿಗೆ ಮಿಷನ್ನಿನ ಪೆಡಲಿನ ಹಾಗೆ ತುಳಿಯುತ್ತಾಳೆ. ಗಾಡಿ ನಿಂತುಹೋದಾಗ ಕೀಲಿ ತಿರುಗಿಸುವ ಬದಲು, ಎಮ್ಮೆಗೆ ಹೇಳುವಂತೆ ತೆಲುಗಿನಲ್ಲಿ "ಪದವೇ, ಪದ", ಅಂದರೆ ನಡೆಯೇ ನಡಿ, ಎಂದು ಸ್ಟೇರಿಂಗಿನ ಕುತ್ತಿಗೆ ಸವರುತ್ತಾಳೆ. ರಿವರ್ಸ್ ಹಾಕಿದರೆ ಕತ್ತು ಬಲಕ್ಕೆ, ಕಾರು ಎಡಕ್ಕೆ, ಮಾತು ನೇರಕ್ಕೆ.

ಮಾತು ಮಾತ್ರ ನಿಲ್ಲುವುದಿಲ್ಲ. ಬಂಕಿನಲ್ಲಿ ಇಬ್ಬರಿರಬೇಕಾದ ಜಾಗದಲ್ಲಿ ಆ ದಿನ ತಾನೊಬ್ಬಳೇ ಇದ್ದದ್ದು, ಇನ್ನೊಬ್ಬನು ಮಾವು ಕೀಳಲು ರಜಾ ಹಾಕಿದ್ದು, ಮಗಳು ಈ ವರ್ಷ ಎಸ್‌ಎಸ್‌ಎಲ್‌ಸಿಗೆ ಬರುವುದು, ಟ್ರ್ಯಾಕ್ಟರಿನವನು ತನಗೆ ದೂರದ ಸಂಬಂಧದಲ್ಲಿ ಮಾವನಾಗಬೇಕೆಂದು ಎರಡು ಮಾತಾಡಿ ಬರೋಣವೆಂದು ಅಲ್ಲೇ ನಿಂತದ್ದು. ಕೊನೆಯದನ್ನು ಹೇಳಿ ನಾಲಗೆ ಕಚ್ಚಿಕೊಂಡಳು. ನನಗೆ ಬಹಳ ಸಂತೋಷವಾಯಿತು. ಸಭೆಯಲ್ಲಿ ಈ ಅಂಶ ಗೊತ್ತಿದ್ದರೆ ನನ್ನ ವಾದಕ್ಕೆ ಎಷ್ಟು ಬಲ ಬರುತ್ತಿತ್ತು.

ಕೋದಂಡರಾಮಪ್ಪನವರಿಗೆ ಫೋನ್ ಮಾಡಿ ತಿಳಿಸೋಣವೆಂದು ಫೋನ್ ಕೈಗೆತ್ತಿಕೊಂಡೆ. ಚಾರ್ಜ್ ಕಡಿಮೆ ಇತ್ತು. ಬಿಟ್ಟೆ.

ಜೂನ್ 2, ಸೋಮವಾರ

ಕನ್ನಡಿಗಳ ಪಾಠ. ಹೊರಡುವ ಮೊದಲು ಒಳಗಿನ ಕನ್ನಡಿ, ಬಲಗನ್ನಡಿ, ಎಡಗನ್ನಡಿ ಮೂರನ್ನೂ ನೋಡಬೇಕು, ನೋಡದೆ ಹೊರಡುವವನು ಡ್ರೈವರನೇ ಅಲ್ಲ ಎಂದು ನಾನು ಎಲ್ಲರಿಗೂ ಹೇಳುವ ಮಾತನ್ನೇ ಅವಳಿಗೂ ಹೇಳಿದೆ. ಗಂಗಾ ಮೂರು ಕನ್ನಡಿಗಳನ್ನೂ ಒಂದೊಂದಾಗಿ ಬೆರಳಿಟ್ಟು ಎಣಿಸಿದಳು.

"ಸಾರ್, ಆವತ್ತು ನೀವು ಮೂರೂ ನೋಡಿದ್ರಾ?"

ಪಠ್ಯಕ್ರಮದ ಹೊರಗಿನ ಪ್ರಶ್ನೆ. ರಸ್ತೆ ನೋಡು ಎಂದೆ.

ರಾತ್ರಿ ಊಟದ ಹೊತ್ತಿಗೆ ಸುಮೇಧಾ ಕೂಡ ಕೇಳಿದಳು, ಗಂಗಾ ಹೇಗೆ ಕಲಿಯುತ್ತಿದ್ದಾಳೆ ಎಂದು. ತುಂಬಾ ದಡ್ಡಿ ಎಂದೆ. ಹಾಗಿದ್ದರೆ ದಿನಾ ಅರ್ಧ ಗಂಟೆ ಹೆಚ್ಚಿಗೆ ಏಕೆ ಹೇಳಿಕೊಡುತ್ತೀರಿ ಎಂದಳು. ದಡ್ಡರಿಗೆ ತಾನೇ ಹೆಚ್ಚು ಹೇಳಿಕೊಡಬೇಕಾದ್ದು? ಈ ಮನೆಯಲ್ಲಿ ತರ್ಕಕ್ಕೆ ಬೆಲೆ ಇಲ್ಲ.

ಜೂನ್ 5, ಗುರುವಾರ

ಕೋದಂಡರಾಮಪ್ಪನವರು ಹೇಳಿಕಳಿಸಿದ್ದಾರೆ. ಸರ್ವೇಯರ್ ಕಾಗದಗಳನ್ನು ಕಳಿಸಲೇಬೇಕಂತೆ; ಈ ಸೋಮವಾರದೊಳಗೆ ನಾನು ಬರೆದುಕೊಡದಿದ್ದರೆ ಗಂಗಾಳ ಹೆಸರು ಹಾಕಿ ಮುಗಿಸುತ್ತಾರಂತೆ. ಹಾಕಲಿ.

ಹಾಕಿದ ಮೇಲೆ ಆ ಹೆಸರನ್ನು ಪಂಚಾಯಿತಿಯವರೂ ಕೇಳುತ್ತಾರೋ ಏನೋ. ಗಾಡಿ ಕೊಡುವ ಮುಂಚೆ ಹಿಂದಿನ ಕೆಲಸ ಏಕೆ ಬಿಟ್ಟೆ ಎಂದು ವಿಚಾರಿಸುವುದು ಎಲ್ಲ ಕಡೆ ಇರುವ ಪದ್ಧತಿ. ಅದು ನನ್ನ ವಿಷಯವಲ್ಲ. ಸುಮ್ಮನೆ ಹೊಳೆಯಿತು, ಬರೆದೆ.

ಜೂನ್ 9, ಸೋಮವಾರ

ಇವತ್ತು ನಡೆದದ್ದನ್ನು ವಿವರವಾಗಿ ಬರೆಯುತ್ತೇನೆ.

ಬೆಳಿಗ್ಗೆ ಗಂಗಾಳಿಗೆ ರಿವರ್ಸ್ ಅಭ್ಯಾಸ ಮಾಡಿಸುತ್ತಿದ್ದಾಗ ಪೆಟ್ರೋಲ್ ಮುಳ್ಳು ತಳಕ್ಕೆ ಬಂತು. ಘಟನೆಯ ನಂತರ ನಾನು ಮುಳಬಾಗಿಲು ರಸ್ತೆಯ ಬಂಕಿಗೆ ಹೋಗುತ್ತಿದ್ದೆ. ಅಲ್ಲಿ ಇವತ್ತು ಸ್ಟಾಕ್ ಇಲ್ಲವೆಂದು ಹಗ್ಗ ಕಟ್ಟಿದ್ದರು. ಹೀಗಾಗಿ ಕೋದಂಡರಾಮಪ್ಪನವರ ಬಂಕಿಗೇ ಹೋಗಬೇಕಾಯಿತು. ಗಂಗಾ ಸ್ಟೇರಿಂಗಿನಲ್ಲಿ, ನಾನು ಪಕ್ಕದಲ್ಲಿ. ನಮ್ಮ ಕಾರಿನಲ್ಲಿ ನನ್ನ ಕಾಲ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಇದೆ. ಶಿಷ್ಯರು ತಪ್ಪಿದರೆ ಗುರು ತಡೆಯಲಿ ಎಂದು ಸರ್ಕಾರವೇ ಮಾಡಿದ ನಿಯಮ.

ಜನ ಸಾಲದೆ ಕೋದಂಡರಾಮಪ್ಪನವರೇ ಪೆಟ್ರೋಲ್ ಹಾಕುತ್ತಿದ್ದರು. ಗೋಣಿತಾಟು ಸುತ್ತಿದ ಮಿಷನ್ನು ಪಕ್ಕದಲ್ಲಿ ಇನ್ನೂ ಬಾಗಿಕೊಂಡೇ ಇತ್ತು. ಗಾಡಿಯನ್ನು ಮಿಷನ್ನಿನ ಹತ್ತಿರ ಸರಿಯಾಗಿ ನಿಲ್ಲಿಸಲೆಂದು ಗಂಗಾ ಸ್ವಲ್ಪ ಹಿಂದೆ ತೆಗೆದುಕೊಂಡು ಆಫ್ ಮಾಡಿದಳು. ಚೆನ್ನಾಗಿಯೇ ತೆಗೆದಳು. ಪೆಟ್ರೋಲ್ ಹಾಕಿ ಆಯಿತು. ಈ ಸಲ ನಾನು ಯಾವ ಅವಕಾಶವನ್ನೂ ಬಿಡಲಿಲ್ಲ. ಸೀಟಿನ ಮೇಲೆ ಪೂರ್ತಿ ಹಿಂದಕ್ಕೆ ತಿರುಗಿ, ಎರಡೂ ಕಾಲನ್ನು ಮೇಲೆ ಮಡಿಸಿಕೊಂಡು, ಕಿಟಕಿಯಿಂದ ತಲೆ ಹಾಕಿ ಗನ್ನನ್ನೇ ನೋಡಿದೆ. ಗನ್ನು ಹೊರಬಂತು. ಮಿಷನ್ನಿನ ಗೂಡಿಗೆ ಹೋಯಿತು. ಮುಚ್ಚಳ ಬಿತ್ತು. ಎಲ್ಲವನ್ನೂ ಕಣ್ಣಾರೆ ಕಂಡು, ಗಂಗಾ ಸ್ಟಾರ್ಟ್ ಮಾಡಿದ ಮೇಲೆ, ಡ್ಯಾಶ್‌ಬೋರ್ಡಿಗೆ ಎರಡು ಸಲ ತಟ್ಟಿದೆ.

ಗಂಗಾ ಹೊರಟಳು. ಹಿಂದಕ್ಕೆ.

ಗಾಡಿ ರಿವರ್ಸ್ ಗೇರಿನಲ್ಲೇ ಇತ್ತು. ನಾನು ಗನ್ನು ನೋಡುತ್ತಿದ್ದೆ, ಗೇರನ್ನು ನೋಡಲಿಲ್ಲ. ಬ್ರೇಕಿನ ಮೇಲಿರಬೇಕಾದ ನನ್ನ ಕಾಲು ಸೀಟಿನ ಮೇಲೆ ಪದ್ಮಾಸನದಲ್ಲಿತ್ತು. ಹಿಂದೆ ನಿಂತಿದ್ದದ್ದು ರಾಜಗೀರ ಮಾವಿನ ಕ್ರೇಟುಗಳನ್ನು ಹೇರಿಕೊಂಡಿದ್ದ ಒಂದು ಟೆಂಪೊ. ಅದು ಸೊಣ್ಣಪ್ಪನದು ಎಂದು ಬೇರೆ ಹೇಳಬೇಕೇ? ಲೈಟು ಒಡೆಯಿತು. ಮೇಲಿನ ಕ್ರೇಟುಗಳು ಜಾರಿದವು. ಮಾವಿನಹಣ್ಣು ಬಂಕಿನ ತುಂಬ ಉರುಳಿ, ಅರ್ಧ ರಸ್ತೆಗೂ ಹೋಯಿತು. ಕೋಲಾರದ ಬಸ್ಸು ನಿಂತಿತು. ಹಣ್ಣು ತುಳಿಯಬಾರದೆಂದಲ್ಲ, ನೋಡಲಿಕ್ಕೆ.

ಎಲ್ಲರೂ ಸುತ್ತ ನೆರೆದರು. ಎಲ್ಲರ ಕಣ್ಣು ಗಂಗಾಳ ಮೇಲೆ. ಮಿಷನ್ನು ಸಾಲದೆಂದು ಈಗ ಟೆಂಪೊ ಹಿಡಿದಳು ಎಂದು ಯಾರೋ ಅಂದರು. ಸೊಣ್ಣಪ್ಪ ಒಡೆದ ಲೈಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಗಾಜು ಆರಿಸುತ್ತಿದ್ದ. ಗಂಗಾ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಮಜ್ಜಿಗೆ ಕುಡಿದಷ್ಟು ಸಲೀಸಾಗಿ ಹೇಳಿಬಿಟ್ಟಳು:

"ನಂದೇ ತಪ್ಪು ಬಿಡಿ."

ನನಗೆ ಬಂದ ಕೋಪ ಹೇಳತೀರದು. ಇವಳು ಯಾರು ತಪ್ಪನ್ನು ತನ್ನದೆನ್ನಲು? ನನ್ನ ಸ್ಕೂಲು, ನನ್ನ ಕಾರು, ನನ್ನ ತಟ್ಟು, ನನ್ನ ಬ್ರೇಕು. ಎಲ್‌ ಬೋರ್ಡು ಹಾಕಿಕೊಂಡ ಶಿಷ್ಯೆಗೆ ಸ್ವಂತ ತಪ್ಪು ಮಾಡುವ ಅಧಿಕಾರ ಎಲ್ಲಿಂದ ಬಂತು? ಕಾಲುಗಳನ್ನು ಬಿಡಿಸಿಕೊಂಡು ಕೆಳಗಿಳಿದು ಗಟ್ಟಿಯಾಗಿ ಹೇಳಿದೆ, ಹೊರಡು ಎಂದು ತಟ್ಟಿದವನು ನಾನು, ಅವಳು ಹೇಳಿದಂತೆ ಮಾಡಿದಳು, ಈ ತಪ್ಪಿನಲ್ಲಿ ಅವಳಿಗೆ ಯಾವ ಪಾಲೂ ಇಲ್ಲ ಎಂದು.

ಕೋದಂಡರಾಮಪ್ಪನವರು ಕೈ ಒರೆಸಿಕೊಳ್ಳುತ್ತ ಬಂದರು. ಇಷ್ಟು ದಿನ ಉಳಿಸಿಟ್ಟ ಮಾತುಗಳನ್ನೆಲ್ಲ ಈಗ ಖರ್ಚು ಮಾಡುವ ಹಾಗೆ ಕಂಡರು.

"ಹಂಗಾದ್ರೆ ತಟ್ಟಿದೋರದ್ದೇ ತಪ್ಪು. ಮೇಷ್ಟ್ರು ಆವತ್ತೂ ಅದೇ ಹೇಳಿದ್ರು. ಆವತ್ತು ತಟ್ಟಿದ್ದು ಸೊಣ್ಣಪ್ಪ. ಏನಪ್ಪಾ, ಮಿಷನ್ ನಿಂದು ಅಂತ ಬರ್ಕೊಳ್ಳಾ?"

ಸೊಣ್ಣಪ್ಪ ಗಾಜು ಹಿಡಿದುಕೊಂಡೇ ಎದ್ದ. "ಅದೆಂಗಾಗ್ತದೆ? ನಾನ್ ಆವತ್ತೇ ಹೇಳ್ಲಿಲ್ವಾ, ಓಡ್ಸಿದೋರದ್ದೇ ತಪ್ಪು ಅಂತ."

"ಸರಿ. ಓಡ್ಸಿದೋರದ್ದು ಅಂದ್ರೆ ನಿನ್ ಟೆಂಪೊ ಲೈಟು ಗಂಗಾದು. ಮಿಷನ್ನು ಮೇಷ್ಟ್ರದ್ದು." ಕೋದಂಡರಾಮಪ್ಪನವರು ನನ್ನ ಕಡೆ ತಿರುಗಿದರು. "ತಟ್ಟಿದೋರದ್ದಾ, ಓಡ್ಸಿದೋರದ್ದಾ, ಯಾವ್ದಾದ್ರೂ ಒಂದು ಹೇಳ್ಬಿಡಿ ಮೇಷ್ಟ್ರೇ. ಎರಡಕ್ಕೂ ಅದೇ ನ್ಯಾಯ. ಹೆಂಗೆ ನೋಡಿದ್ರೂ ಒಂದು ನಿಮ್ಗೆ ಬರ್ತದೆ."

ನಾನು ಯೋಚಿಸಿದೆ. ತಟ್ಟಿದವರದು ಎಂದರೆ ಮಿಷನ್ನಿನಿಂದ ನನಗೆ ಬಿಡುಗಡೆ. ಟೆಂಪೊದ ಲೈಟು ಮಾತ್ರ ನನ್ನದು. ಶಾಲಿಗೂ ಧಕ್ಕೆಯಿಲ್ಲ, ಪಾಠ ಹೇಳುವಾಗ ಇಂಥವೆಲ್ಲ ಆಗುತ್ತವೆ. ಬಾಯಿ ತೆರೆದರೆ ಸಾಕಿತ್ತು. ಅಷ್ಟರಲ್ಲಿ ಗಂಗಾ ಕಾರಿನಿಂದ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ರಸ್ತೆಯಲ್ಲಿ ಉರುಳಿದ್ದ ಹಣ್ಣುಗಳನ್ನು ಆರಿಸಿ ಕ್ರೇಟಿಗೆ ತುಂಬತೊಡಗಿದಳು. ಸೊಣ್ಣಪ್ಪನಿಗೆ ಒಂದು ಹಣ್ಣು ತೋರಿಸಿ, ಇದಕ್ಕೆ ಏಟು ಬಿದ್ದಿದೆ, ಇದು ನನ್ನ ಮಗಳಿಗೆ ಎಂದು ಪಕ್ಕಕ್ಕೆ ಇಟ್ಟುಕೊಂಡಳು. ತನ್ನ ಹೆಸರು ಯಾವ ಕಾಗದಕ್ಕೆ ಹೋಗುತ್ತದೆ ಎಂಬುದರ ಮೇಲೆ ಹತ್ತು ಜನ ವಾದ ಮಾಡುತ್ತಿರುವಾಗ.

"ಆವತ್ತು ಓಡಿಸಿದ್ದು ನಾನು. ಇವತ್ತು ತಟ್ಟಿದ್ದು ನಾನು. ಎರಡೂ ನನ್ನದೇ ಬರ್ಕೊಳ್ಳಿ."

ಇದನ್ನು ಹೇಳಿದ್ದು ನಾನೇ. ಬಿಸಿಲು ಬಹಳ ಇತ್ತು. ಬೇಗ ಮುಗಿದರೆ ಸಾಕಾಗಿತ್ತು, ಅಷ್ಟೆ. ಇದರಲ್ಲಿ ಬೇರೆ ಅರ್ಥ ಹುಡುಕುವವರಿಗೆ ಕೆಲಸವಿಲ್ಲ.

ಬಸ್ಸಿನ ಕಂಡಕ್ಟರು ಬಸ್ಸಿಗೆ ಎರಡು ಸಲ ತಟ್ಟಿದ. ಎಲ್ಲರೂ ನನ್ನ ಮುಖ ನೋಡಿದರು.

ಜೂನ್ 10, ಮಂಗಳವಾರ

ಬರೆದುಕೊಟ್ಟೆ. ಮೊದಲ ಪ್ರತಿಯಲ್ಲಿ ಟ್ರ್ಯಾಕ್ಟರಿನ ಹಾರ್ನ್, ಗೌರವ ಸಲ್ಲಿಸುವ ಸ್ಥಳೀಯ ಕ್ರಮ, ಕನ್ನಡಿಗಳ ಮಿತಿ ಇತ್ಯಾದಿಗಳಿಗೆ ಒಂದೂವರೆ ಪುಟ ಹಿಡಿಯಿತು. ಸುಮೇಧಾ ಓದಿ, ಕೊನೆಯ ಸಾಲೊಂದು ಸಾಕು ಎಂದು ಉಳಿದದ್ದನ್ನು ಹರಿದು ಒಲೆಯ ಪಕ್ಕ ಇಟ್ಟಳು. 'ನಾನು ನೋಡದೆ ಹೊರಟೆ.' ಅಕ್ಷರ ಚೆನ್ನಾಗಿ ಬಂದಿದೆ.

ಸೊಣ್ಣಪ್ಪ ಲೈಟಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ತನ್ನ ಸೊಸೆಗೆ ಕಾರು ಹೇಳಿಕೊಟ್ಟರೆ ಸಾಕಂತೆ. ನಿಜವಾಗಿಯೂ ಕಳಿಸುತ್ತೀಯಾ ಎಂದು ಕೇಳಿದೆ. "ಪೋನೀ ಬಿಡಿ ಮೇಷ್ಟ್ರೇ, ನಿಮಗೆ ಬೇಕಿದ್ರೆ ಬಾಂಡ್ ಪೇಪರ್ ಮೇಲೆ ಬರ್ಕೊಡ್ಲಾ?" ಎಂದು ನಕ್ಕ.

ಗಂ‍ಗಾಳಿಗೆ ನಾಳೆಯಿಂದ ಬಂಕಿಗೆ ಬಾ ಎಂದಿದ್ದಾರೆ. ಪಾಠ ಬೆಳಿಗ್ಗೆ ಇನ್ನೂ ಬೇಗ ಇಟ್ಟುಕೊಳ್ಳಬೇಕು. ನನಗೆ ನಿದ್ದೆ ಕೆಡುತ್ತದೆ, ಅದನ್ನು ಯಾರೂ ಕೇಳುವುದಿಲ್ಲ.

ಜೂನ್ 21, ಶನಿವಾರ

ಪಾಠಕ್ರಮದಲ್ಲಿ ಒಂದು ಚಿಕ್ಕ ತಾಂತ್ರಿಕ ಸುಧಾರಣೆ ತಂದಿದ್ದೇನೆ. ಎರಡು ತಟ್ಟಿದ ಕೂಡಲೇ ಶಿಷ್ಯರು ಹೊರಡಬಾರದು. ಗೇರು, ಮೂರು ಕನ್ನಡಿ ನೋಡಿ, "ನೋಡಿದೆ" ಎಂದು ಬಾಯಿಬಿಟ್ಟು ಹೇಳಿ, ಆಮೇಲೆ ಹೊರಡಬೇಕು. ಬಹಳ ದಿನಗಳಿಂದ ಮನಸ್ಸಿನಲ್ಲಿತ್ತು. ಇತ್ತೀಚಿನ ಯಾವ ಘಟನೆಗೂ ಇದಕ್ಕೂ ಸಂಬಂಧವಿಲ್ಲ.

ಹಾಲಿನ ಗೋಡೆಯಲ್ಲಿ ಶಾಲು ಇಲ್ಲ. ವಿಚಾರಿಸಿದರೆ, ಹಣ್ಣಿಗೆ ಹಾಕಿದ ಮಾವಿನಕಾಯಿಯ ಮೇಲೆ ಹೊದಿಸಿದ್ದೇನೆ, ಕಾವು ಚೆನ್ನಾಗಿ ಹಿಡಿಯುತ್ತದೆ ಎಂದಳು ಸುಮೇಧಾ. ಹೋಗಿ ಮುಟ್ಟಿ ನೋಡಿದೆ. ನಿಜವಾಗಿಯೂ ಬೆಚ್ಚಗಿತ್ತು.

ಜುಲೈ 18, ಶುಕ್ರವಾರ

ಜನರಿಗೆ ತಾಳ್ಮೆ ಎಂಬುದು ಹೋಗಿಬಿಟ್ಟಿದೆ. ಇವತ್ತು ಬಂಕಿನಲ್ಲಿ ನಡೆದದ್ದನ್ನು ಬರೆದರೆ ಯಾರೂ ನಂಬುವುದಿಲ್ಲ.

ಮಿಷನ್ನು ಹೊಸದು ಬಂದಿದೆ. ಸುತ್ತ ಕಬ್ಬಿಣದ ಕಂಬ ನೆಟ್ಟಿದ್ದಾರೆ. ನನ್ನ ಕಾರು ಒಳಗೆ ಬಂದಾಗ ಕೋದಂಡರಾಮಪ್ಪನವರು ಆಫೀಸಿನಿಂದ ಎದ್ದು ಬಂದು ಕಂಬದ ಪಕ್ಕ ನಿಲ್ಲುತ್ತಾರೆ. ಗೌರವ. ಪೆಟ್ರೋಲ್ ಹಾಕಿ ಆಯಿತು. ನಾನು ಕಾರಿನಿಂದ ಇಳಿದೆ. ಗನ್ನು ಗೂಡಿನಲ್ಲಿದೆಯೇ ನೋಡಿದೆ. ಟ್ಯಾಂಕಿನ ಮುಚ್ಚಳ ತಿರುಗಿಸಿ ನೋಡಿದೆ. ಹಿಂದೆ ಯಾವ ಗಾಡಿ ಎಷ್ಟು ದೂರದಲ್ಲಿದೆ ನೋಡಿದೆ. ಬಂದು ಕುಳಿತೆ. ಗೇರು ನೋಡಿದೆ, ಮೂರು ಕನ್ನಡಿ ನೋಡಿದೆ. ಮುಚ್ಚಳವನ್ನು ಮುಟ್ಟಿದ್ದೇನೋ ನೋಡಿದ್ದೇನೋ ಎಂದು ಅನುಮಾನ ಬಂದು ಮತ್ತೆ ಇಳಿದೆ. ಇಷ್ಟಕ್ಕೆ ಹಿಂದೆ ಸಾಲು ರಸ್ತೆ ಮುಟ್ಟಿತಂತೆ. ಎಲ್ಲಕ್ಕಿಂತ ಜೋರಾಗಿ ಹಾರ್ನ್ ಹೊಡೆಯುತ್ತಿದ್ದದ್ದು ಹಾಡು ಹಾಕಿಕೊಂಡು ನಿಂತಿದ್ದ ಪಂಚಾಯಿತಿಯ ಕಸದ ಗಾಡಿ. ಅದರ ಸ್ಟೇರಿಂಗಿನಲ್ಲಿ ಖಾಕಿ ಕೋಟು ಹಾಕಿಕೊಂಡು ಗಂಗಾ. ಸೋಮವಾರವಷ್ಟೇ ಬಂಕಿನ ಕೆಲಸಕ್ಕೆ ನಮಸ್ಕಾರ ಹೇಳಿ ಗಾಡಿ ಹತ್ತಿದವಳು. ಲೈಸೆನ್ಸ್ ಪರೀಕ್ಷೆಯಲ್ಲಿ ಎರಡನೆಯ ಸಲ ಪಾಸಾದಳು. ಮೊದಲನೆಯ ಸಲ "ನೋಡಿದೆ, ನೋಡಿದೆ" ಎಂದು ಹೇಳುತ್ತ ಹೊರಡುವುದನ್ನೇ ಮರೆತಳಂತೆ.

ಅವಳೇ ಇಳಿದು ಬಂದಳು.

"ಸಾರ್, ಗನ್ ಗೂಡಲ್ಲೈತೆ, ಮುಚ್ಚಳ ಹಾಕೈತೆ, ಹಿಂದೆ ನಾನೇ ಇದೀನಿ. ಹೊರಡಿ ಇನ್ನು. ಊರ ಕಸವೆಲ್ಲ ನಿಮ್ಮಿಂದ ಕಾಯ್ತಾ ಐತೆ."

"ನೀನು ನೋಡಿದ್ಯಾ?"

"ನೋಡ್ದೆ ಸಾರ್."

ಇಷ್ಟು ದಿನ ಹೇಳಿಕೊಟ್ಟದ್ದು ವ್ಯರ್ಥವಾಗಿಲ್ಲ ಎನ್ನಿಸಿತು. ಮನುಷ್ಯರು ಸ್ವಲ್ಪವಾದರೂ ತಿದ್ದಿಕೊಳ್ಳುತ್ತಾರೆ, ಹೇಳಿಕೊಡುವವರು ಸರಿಯಾಗಿದ್ದರೆ. ಗಂಗಾ ನನ್ನ ಕಾರಿನ ಬೆನ್ನಿಗೆ ಎರಡು ಸಲ ತಟ್ಟಿದಳು.

ನಾನು ಇಳಿದು ಇನ್ನೊಂದು ಸಲ ನೋಡಿ ಬಂದೆ.